ಅಳತೆ ಕೋಲಿನ ತುದಿಗೆ ಕೆಮ್ಮಣ್ಣು

“ಸ್ವಲ್ಪ ಹೊತ್ತು ಉಸಿರು ಬಿಡ್ಬೇಡಿ ಅಳಿಯಂದ್ರೇ, ನಂಗೆ ಏನೂ ಕೇಳಿಸ್ತಿಲ್ಲ,” ಎಂದರು ಮೀಟರಮ್ಮ.

ಅಳಿಯ ಉಸಿರು ಬಿಗಿಹಿಡಿದ. ಅತ್ತೆಗೆ ಎದುರಾಡಿ ಅವನಿಗೆ ಅಭ್ಯಾಸವಿಲ್ಲ. ಮದುವೆಯಾದ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಎದುರಾಡಿದ್ದ. ಆಮೇಲೆ ಮೂರು ತಿಂಗಳು ಅವರು ಅವನನ್ನು ‘ನೀವು’ ಬಿಟ್ಟು ‘ತಾವು’ ಎಂದು ಕರೆದಿದ್ದರು. ಆ ಮರ್ಯಾದೆ ಅವನಿಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಮಧ್ಯಾಹ್ನ ಮೂರೂಕಾಲು. ಪೆಟ್ರೋಲ್ ಬಂಕಿನ ಕಾದ ಸಿಮೆಂಟು ನೆಲದ ಮೇಲೆ ಹಳೆಯ ರಟ್ಟು ಹಾಸಿಕೊಂಡು, ನೆಲದಡಿಯ ಎರಡನೇ ಟ್ಯಾಂಕಿನ ಅಳತೆ ಕೊಳವೆಗೆ ಕಿವಿಯೊಡ್ಡಿ ಮೀಟರಮ್ಮ ಬೋರಲಾಗಿದ್ದರು. ಸ್ಕೂಟರಿಗೆ ಪೆಟ್ರೋಲ್ ಹಾಕಿಸಲು ನಿಂತಿದ್ದವರೊಬ್ಬರು, ಪಾಪ ಅಜ್ಜಿಗೆ ತಲೆಸುತ್ತು ಬಂದಿರಬೇಕೆಂದು ನೀರಿನ ಬಾಟಲಿ ತಂದುಕೊಟ್ಟರು. ಮೀಟರಮ್ಮ ಬಾಟಲಿ ತೆಗೆದುಕೊಂಡು, ಮೂಸಿ ನೋಡಿ, ಸಂತೋಷ ಕಣಪ್ಪಾ ಎಂದು ಪಕ್ಕಕ್ಕಿಟ್ಟರು. ಈಗೀಗ ಅವರು ನೀರನ್ನು ಮೂಸದೆ ಕುಡಿಯುವುದಿಲ್ಲ.

ಅದಕ್ಕೆ ಕಾರಣ, ಬಂಕಿನ ಹಿಂದಿನ ಬೀದಿಯಲ್ಲಿ ಲಾಂಡ್ರಿ ನಡೆಸುವ ಅವರ ನಾದಿನಿಯ ಬಾವಿ. ಬಾವಿ ನೀರಿಗೆ ಪೆಟ್ರೋಲ್ ನಾತ ಹತ್ತಿತ್ತು. ಬಟ್ಟೆಯ ಕಲೆ ತೆಗೆಯಲು ಇಟ್ಟುಕೊಂಡ ಪೆಟ್ರೋಲನ್ನು ನಾದಿನಿಯೇ ಮೋರಿಗೆ ಸುರಿಯುತ್ತಾಳೆಂದು ಆರೋಗ್ಯಾಧಿಕಾರಿಗಳು ತೀರ್ಮಾನಿಸಿ, ಇವತ್ತು ಸಂಜೆ ಐದರೊಳಗೆ ಬೇರೆ ಮೂಲ ತೋರಿಸದಿದ್ದರೆ ಲಾಂಡ್ರಿಗೆ ಬೀಗಮುದ್ರೆ ಎಂದು ನೋಟೀಸು ಅಂಟಿಸಿ ಹೋಗಿದ್ದರು. ನಾದಿನಿಯ ಪೆಟ್ರೋಲ್ ಸೀಸೆ ಇನ್ನೂ ಮುಕ್ಕಾಲು ತುಂಬಿಯೇ ಇದೆಯೆಂದು ಮೀಟರಮ್ಮ ಹೋದ ವಾರ ತೋರಿಸಿದ್ದಾಗಿತ್ತು. ಅಧಿಕಾರಿಗಳು ಸೀಸೆಯನ್ನು ಮೂಗಿಗೆ ಹಿಡಿದು, ಇದರಲ್ಲಿ ನೀರಿದೆಯಲ್ಲ ಎಂದಿದ್ದರು. ಅವರಿಗೆ ವರ್ಷವಿಡೀ ನೆಗಡಿ. ವಾಸನೆಯ ಕೇಸನ್ನು ಅವರು ಪೂರಾ ಕಾಗದದ ಮೇಲೆಯೇ ನಡೆಸುತ್ತಿದ್ದರು.

“ಇಳಿಸಿ ಕೋಲಣ್ಣ,” ಎಂದರು ಮೀಟರಮ್ಮ.

ಕೋಲಣ್ಣ ಈ ಬಂಕಿನ ಅಳತೆಗಾರ. ಇಪ್ಪತ್ತಾರು ವರ್ಷದಿಂದ ದಿನಕ್ಕೆ ಮೂರು ಸಲ, ಆಳೆತ್ತರದ ಅಳತೆ ಕೋಲನ್ನು ಟ್ಯಾಂಕಿಗಿಳಿಸಿ, ಪೆಟ್ರೋಲ್ ಎಲ್ಲಿಯವರೆಗೆ ಒದ್ದೆ ಮಾಡಿದೆ ನೋಡಿ ಪುಸ್ತಕಕ್ಕೆ ಬರೆಯುವುದು ಅವರ ಕೆಲಸ. ಕೋಲಿನ ಜೊತೆ ಇದ್ದೂ ಇದ್ದೂ ಕೋಲಿನಂತೆಯೇ ಆಗಿದ್ದರು: ಉದ್ದ, ನೆಟ್ಟಗೆ, ಕಾಲಿಗೆ ಹಿತ್ತಾಳೆ ಬಣ್ಣದ ಚಪ್ಪಲಿ. ಕೋಲು ತಳ ಮುಟ್ಟಿತೆಂದು ಗೊತ್ತಾಗಲು ಎತ್ತಿ ಎತ್ತಿ ಮೂರು ಸಲ ಕುಟ್ಟುವುದು ಅವರ ಪದ್ಧತಿ. ಎದುರಿನ ಗಡಿಯಾರದಂಗಡಿಯವನು ಆ ಸದ್ದು ಕೇಳಿಯೇ ಗಡಿಯಾರ ಸರಿಮಾಡುತ್ತಾನೆ ಎಂದು ಜನ ತಮಾಷೆ ಮಾಡುತ್ತಿದ್ದರು.

ಮೊದಲು ಒಂದನೇ ಟ್ಯಾಂಕು. ಠಣ್, ಠಣ್, ಠಣ್.

ಆಮೇಲೆ, ಮೀಟರಮ್ಮ ಕಿವಿಯನ್ನು ಕೊಂಚ ಸರಿಸಿ ಕೋಲಿಗೆ ದಾರಿ ಬಿಟ್ಟ ಮೇಲೆ, ಎರಡನೆಯದು. ದಪ್, ದಪ್, ದಪ್.

ಮೀಟರಮ್ಮ ತಲೆಯೆತ್ತಿದರು. ಕೆನ್ನೆಯ ಮೇಲೆ ಕೊಳವೆಯ ಅಂಚು ಉಂಗುರದಂತೆ ಅಚ್ಚೊತ್ತಿತ್ತು. ಅಳಿಯ ಕೈಸನ್ನೆಯಲ್ಲೇ ಉಸಿರು ಬಿಡಬಹುದೇ ಎಂದು ಕೇಳಿದ. ಅವನಿದ್ದದ್ದು ಅವರಿಗೆ ಮರೆತೇ ಹೋಗಿತ್ತು.

ಏಳುವಾಗ ಅವರ ಕೈ ಪಕ್ಕದ ಕಬ್ಬಿಣದ ಮುಚ್ಚಳದ ಮೇಲೆ ಊರಿತು. ಟ್ಯಾಂಕರ್ ಲಾರಿ ಬಂದಾಗ ಪೆಟ್ರೋಲ್ ಸುರಿಯುವ ಬಾಯಿಯ ಮುಚ್ಚಳ ಅದು: ದುಂಡಗೆ, ಅಂಚಿನಲ್ಲಿ ಮೂರು ಕಚ್ಚು, ನಡುವೆ ಸವೆದ ಒಂದು ನಕ್ಷತ್ರ. ಅವರು ನಕ್ಷತ್ರವನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಅನ್ನಿಸದೆ ಏನು? ಮೂವತ್ತು ವರ್ಷ ಮನೆಮನೆಯ ನೀರಿನ ಮೀಟರ್ ಓದಿದವರು. ಈ ಊರಿನಲ್ಲಿ ಅವರು ಎತ್ತಿ ನೋಡದ ಕಬ್ಬಿಣದ ಮುಚ್ಚಳವಿಲ್ಲ.

ಬಂಕಿನ ಹಿಂದೆ ಕೋಲಣ್ಣನ ಕೋಣೆ. ಒಂದು ಮೇಜು, ಒಂದು ಸ್ಟೂಲು, ಮೊಳೆಗೆ ನೇತುಹಾಕಿದ ಕೀಲಿಗೊಂಚಲು. ಗೋಡೆಯ ಮೇಲೆ ಕೋಲಿಡಲು ಎರಡು ಮರದ ಗೂಟ. ಗೂಟಗಳಿಗೆ ಬಟ್ಟೆ ಸುತ್ತಿತ್ತು, ಕೋಲಿಗೆ ನೋವಾಗದಿರಲೆಂದು.

ಕೋಲಣ್ಣ ಅಳತೆ ಪುಸ್ತಕವನ್ನು ಮುಂದಿಟ್ಟರು. ನಿನ್ನೆ ಬಂಕಿನ ಯಜಮಾನರೂ ಇದನ್ನೇ ತೋರಿಸಿ ಎದೆ ತಟ್ಟಿಕೊಂಡಿದ್ದರು. ಟ್ಯಾಂಕರ್ ಡ್ರೈವರಂತೂ, ತಾನು ತಂದದ್ದೆಲ್ಲ ಕೋಲಣ್ಣನ ಕೋಲಿನ ಮುಂದೆಯೇ ಇಳಿದಿದೆ, ಅನುಮಾನವಿದ್ದರೆ ಕೋಲನ್ನೇ ಕೇಳಿ ಎಂದಿದ್ದ. ಇದ್ದದ್ದು, ಮಾರಿದ್ದು, ಉಳಿದದ್ದು, ಎಲ್ಲ ತಾಳೆಯಾಗಿತ್ತು. ಸೋರಿದ್ದರೆ ಕಡಿಮೆ ಬೀಳಬೇಕಲ್ಲ? ಬಿದ್ದಿರಲಿಲ್ಲ.

“ನೋಡಿ, ಒಂದು ಲೋಟದಷ್ಟೂ ಹೆಚ್ಚುಕಮ್ಮಿ ಇಲ್ಲ,” ಎಂದರು ಕೋಲಣ್ಣ.

“ಅದೇ ನಂಗೆ ನಿದ್ದೆಗೆಡಿಸಿದ್ದು. ಕೋಲು ಕೊಡಿ ಇಲ್ಲಿ.”

ಕೋಲಣ್ಣನ ಕೈ ಕೋಲನ್ನು ಬಿಡಲಿಲ್ಲ. ಇದುವರೆಗೆ ಅದನ್ನು ಅವರ ಹೆಂಡತಿಯೂ ಮುಟ್ಟಿರಲಿಲ್ಲವಂತೆ. ಕೊನೆಗೆ ಅವರೇ ಅದನ್ನು ಮೇಜಿನ ಮೇಲೆ, ಮಗುವನ್ನು ಮಲಗಿಸಿದ ಹಾಗೆ, ಮಲಗಿಸಿದರು.

ತುದಿಗೆ ಬೆರಳುಗಾತ್ರದ ಹಿತ್ತಾಳೆ ಮೊನೆ. ಮೀಟರಮ್ಮ ತಲೆಯ ಪಿನ್ನು ತೆಗೆದು ಮೊನೆಯ ಸಂದಿಯಲ್ಲಿ ಕೆರೆದರು. ಪಿನ್ನಿಗೆ ಹತ್ತಿದ್ದನ್ನು ಅಳಿಯನ ಅಂಗೈಗೆ ಒರೆಸಿದರು.

“ಏನಿದು, ಹೇಳಿ.”

ಅಳಿಯ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಪ್ರಶ್ನೆ ಕೇಳುವುದು ಅವನ ಕಸುಬೇ ಹೊರತು ಉತ್ತರ ಹೇಳುವುದಲ್ಲ. ಮೂಸಿದ, ಬೆಳಕಿಗೆ ಹಿಡಿದ. ಮಣ್ಣಿನ ಹಾಗಿದೆ ಎಂದ. ಕೆಮ್ಮಣ್ಣು.

“ಹೌದು. ಕಬ್ಬಿಣದ ಟ್ಯಾಂಕಿನ ಹೊಟ್ಟೆಯೊಳಗೆ ಕೆಮ್ಮಣ್ಣು ಎಲ್ಲಿಂದ ಬಂತು ಕೋಲಣ್ಣ?”

ಮೀಟರಮ್ಮ ತಮ್ಮ ಚೀಲದಿಂದ ಕಾಗದದ ಲೋಟವೊಂದನ್ನು ತೆಗೆದು, ಅದರ ತಳಕ್ಕೆ ಪೆನ್ಸಿಲ್ ಚುಚ್ಚಿದರು. ದಿನಾ ಮೂರು ಹೊತ್ತು, ಹೊತ್ತಿಗೆ ಮೂರು ಏಟು, ಅದೂ ಒಂದೇ ಕೊಳವೆಯಿಂದ ಒಂದೇ ಜಾಗಕ್ಕೆ. ಇಪ್ಪತ್ತಾರು ವರ್ಷಕ್ಕೆ ಎಷ್ಟಾಯಿತು ಎಂದು ಅಳಿಯನನ್ನು ಕೇಳಿದರು. ಅವನು ಬೆರಳು ಮಡಿಸಿ, ಬಿಚ್ಚಿ, ಕೊನೆಗೆ ಫೋನಿನಲ್ಲಿ ಗುಣಿಸಿ, ಎಂಬತ್ತೈದು ಸಾವಿರ ಏಟು ಎಂದ. ಹೇಳಿದ ಮೇಲೆ ಅವನಿಗೇ ಟ್ಯಾಂಕಿನ ಮೇಲೆ ಕನಿಕರ ಬಂತು.

“ಟ್ಯಾಂಕು ತುಕ್ಕು ಹಿಡಿದು ತೂತಾಗಲಿಲ್ಲ ಕೋಲಣ್ಣ. ನಿಮ್ಮ ಕೋಲೇ ಕುಟ್ಟಿ ಕುಟ್ಟಿ ತಳ ಸವೆಸಿ ತೂತು ಮಾಡಿದೆ.”

“ಸಾಧ್ಯವೇ ಇಲ್ಲ. ತೂತಾಗಿದ್ರೆ ಅಳತೆ ಕಮ್ಮಿ ಬರ್ಬೇಕಿತ್ತು.”

“ಬರ್ಬೇಕಿತ್ತು. ಆದ್ರೆ ಕೋಲು ಆ ತೂತಿನೊಳಗೇ ಎರಡು ಬೆರಳು ಇಳೀತಿದೆ. ಕೆಳಗಿನ ಮಣ್ಣೂ ಪೆಟ್ರೋಲಿನಲ್ಲಿ ನೆಂದಿದೆ. ಎರಡು ಬೆರಳು ಹೆಚ್ಚು ಇಳಿದ್ರೆ ಎರಡು ಬೆರಳು ಹೆಚ್ಚು ಒದ್ದೆ. ಸೋರಿದ್ದು ಎಷ್ಟೋ, ಕೋಲು ಸುಳ್ಳು ಹೇಳಿದ್ದೂ ಅಷ್ಟೇ. ಅದಕ್ಕೇ ನಿಮ್ಮ ಪುಸ್ತಕ ಇಷ್ಟು ಚಂದ.”

ಲೋಟದ ತಳದಿಂದ ಪೆನ್ಸಿಲಿನ ಮೂತಿ ಎರಡು ಬೆರಳು ಹೊರಗೆ ಇಣುಕುತ್ತಿತ್ತು. ಕೋಲಣ್ಣ ಅದನ್ನೇ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು. ಕೂತರು ಎನ್ನುವುದಕ್ಕಿಂತ ಮಡಿಸಿಕೊಂಡರು ಎನ್ನಬೇಕು.

ಹಿಂದೊಬ್ಬ ಅಳತೆಗಾರನಿದ್ದನಂತೆ. ಕೋಲನ್ನು ತಳ ಮುಟ್ಟಿಸದೆಯೇ ಎಳೆದು, ಅಂದಾಜಿಗೆ ಬರೆದು, ಮಧ್ಯಾಹ್ನವೆಲ್ಲ ನಿದ್ದೆ ಮಾಡುತ್ತಿದ್ದನಂತೆ. ಅವನನ್ನು ಕೆಲಸದಿಂದ ತೆಗೆದು ಇವರನ್ನು ಇಟ್ಟುಕೊಂಡಾಗ ಯಜಮಾನರ ತಂದೆ ಹೇಳಿದ್ದು ಒಂದೇ ಮಾತು: ತಳ ಮುಟ್ಟಿಸು. ಇದನ್ನೆಲ್ಲ ಕೋಲಣ್ಣ ಗೋಡೆಯ ಗೂಟಗಳಿಗೆ ಹೇಳಿದ ಹಾಗೆ ಹೇಳಿದರು.

“ಮೆಲ್ಲಗೆ ಇಳಿಸಿದ್ರೆ ಕೆಲಸ ಕದ್ದ ಹಾಗಾಗುತ್ತೆ ಅನ್ನಿಸ್ತಿತ್ತು ಮೀಟರಮ್ಮ.”

ಅಳಿಯ ಕಿಟಕಿಯ ಕಡೆ ತಿರುಗಿದ. ಮೀಟರಮ್ಮ ಪಿನ್ನನ್ನು ಒರೆಸಿ ತಲೆಗೆ ಸಿಕ್ಕಿಸಿಕೊಂಡರು. ಕಳ್ಳನನ್ನು ಹಿಡಿಯಬೇಕೆಂದು ಹೊರಟವರಿಗೆ ಸಿಕ್ಕಿದ್ದು ಈ ಊರಿನ ಅತ್ಯಂತ ನಿಯತ್ತಿನ ಮನುಷ್ಯ.

ಕೋಲಣ್ಣನೇ ಮೊದಲು ಎದ್ದರು. ಮುಂದೆ ಹೋಗಿ ಎರಡನೇ ಪಂಪಿಗೆ ‘ಸ್ಟಾಕ್ ಇಲ್ಲ’ ಬೋರ್ಡು ನೇತುಹಾಕಿದರು. ಯಜಮಾನರಿಗೆ ಫೋನು ಮಾಡಿ, ಟ್ಯಾಂಕು ಈಗಲೇ ಬರಿದು ಮಾಡಿಸಿ, ತೂತು ಮಾಡಿದ್ದು ನಾನು ಎಂದು ಹೇಳಿ ಇಟ್ಟುಬಿಟ್ಟರು. ಯಜಮಾನರು ಎರಡು ಸಲ ತಿರುಗಿ ಫೋನು ಮಾಡಿದರು. ಕುಡಿದಿದ್ದೀಯಾ ಎಂದು ಕೇಳಲು ಒಮ್ಮೆ, ಎಷ್ಟು ಕುಡಿದಿದ್ದೀಯಾ ಎಂದು ಕೇಳಲು ಇನ್ನೊಮ್ಮೆ.

“ಐದು ಗಂಟೆಗೆ ಆ ಸಾಹೇಬ್ರ ಮುಂದೆ ನಾನೇ ಬರೆದುಕೊಡ್ತೀನಿ,” ಎಂದರು ಕೋಲಣ್ಣ. “ನಿಮ್ಮ ನಾದಿನಿಯವರಿಗೆ ನಿಶ್ಚಿಂತೆಯಾಗಿರೋಕೆ ಹೇಳಿ.”

ಅಳಿಯ ಕಾರಿನ ಕೀಲಿ ಕುಣಿಸುತ್ತ ಹೊರಟೇಬಿಟ್ಟ. ಕೇಸು ಮುಗಿದಿತ್ತು, ಚಿಕ್ಕತ್ತೆಯ ಲಾಂಡ್ರಿ ಉಳಿದಿತ್ತು, ನಾಲ್ಕೂವರೆಗೆ ಅವನಿಗೊಬ್ಬ ಹೊಸ ಶಿಷ್ಯೆ ಬರುವವಳಿದ್ದಳು. ಬಾಗಿಲವರೆಗೆ ಹೋಗಿ ನೋಡಿದರೆ ಅತ್ತೆ ಹಿಂದೆ ಇಲ್ಲ.

ಅವರು ಕೋಲಣ್ಣನನ್ನು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಈ ‘ದಪ್’ ಎಂಬ ಸದ್ದು ಶುರುವಾದದ್ದು ಯಾವತ್ತಿನಿಂದ?

ಹನ್ನೆರಡು ದಿನ ಆಯಿತು ಎಂದರು ಕೋಲಣ್ಣ. ಬಂಕಿಗೆ ಬಣ್ಣ ಹೊಡೆಸಿದ ದಿನ. ಅವತ್ತು ಬೆಳಗಿನವರೆಗೂ ಠಣ್ ಎನ್ನುತ್ತಿತ್ತು. ಹೊಸ ಬಣ್ಣಕ್ಕೆ ಸದ್ದು ಬದಲಾಗಿದೆ ಅಂದುಕೊಂಡೆ ಎಂದು ಅವರು ನಾಚಿಕೊಂಡರು.

ಮೀಟರಮ್ಮ ಕೂತುಬಿಟ್ಟರು. ಚೀಲದಿಂದ ತಮ್ಮ ಹಳೆಯ ಮೀಟರ್ ಪುಸ್ತಕ ತೆಗೆದರು. ನಿವೃತ್ತಿಯಾದ ಮೇಲೂ ದಿನದ ವಿಷಯವನ್ನು ಅದರಲ್ಲೇ ಬರೆಯುವುದು ಅವರ ರೂಢಿ. ಲಾಂಡ್ರಿಯ ನೀರಿನ ಬಗ್ಗೆ ಮೊದಲ ದೂರು: ದವಾಖಾನೆಯ ಡಾಕ್ಟರು ಬಿಳಿ ಕೋಟು ವಾಪಸು ಕಳಿಸಿದ್ದು. ಅವರ ರೋಗಿಯೊಬ್ಬ ಕೋಟು ಮೂಸಿ, ಡಾಕ್ಟ್ರೇ ಸ್ಕೂಟರೂ ರಿಪೇರಿ ಮಾಡ್ತೀರಾ ಎಂದು ಕೇಳಿದ್ದನಂತೆ. ತಾರೀಖು ನೋಡಿದರೆ ಇವತ್ತಿಗೆ ನಲವತ್ತು ದಿನ.

“ಹನ್ನೆರಡು ದಿನದ ತೂತಿನಿಂದ ನಲವತ್ತು ದಿನದ ವಾಸನೆ ಹೇಗೆ ಬಂತು ಅಳಿಯಂದ್ರೇ?”

ಅಳಿಯ ಎದುರಿಗೇ ಕುಕ್ಕರಗಾಲಲ್ಲಿ ಕೂತು ಬೇಡಿಕೊಂಡ. ತೂತು ಸಿಕ್ಕಿದೆ, ತಪ್ಪೊಪ್ಪಿಕೊಳ್ಳುವವರು ಸಿಕ್ಕಿದ್ದಾರೆ, ಸಾಹೇಬರಿಗೆ ಬೇಕಾದದ್ದು ಒಂದು ಕಾಗದ ಅಷ್ಟೇ. ಅವರಿಗೆ ಹನ್ನೆರಡೂ ಒಂದೇ, ನಲವತ್ತೂ ಒಂದೇ. ಬೆಳಿಗ್ಗೆ ಮಾವ ಹೇಳಿದ್ದೂ ಇದನ್ನೇ ಅಲ್ಲವೇ ಎಂದು ನೆನಪಿಸಿದ.

ಹೇಳಿದ್ದು ನಿಜ. ಗಾರೆ ಕೆಲಸ ಬಿಟ್ಟ ಮೇಲೆ ಆರಾಮ ಕುರ್ಚಿ ಬಿಟ್ಟು ಏಳದ ಗಂಡ, ಇವತ್ತು ತಾವಾಗಿ ಎದ್ದು, ತಾವಾಗಿ ಚಹಾ ಮಾಡಿ, ತಂದು ಕೈಗೆ ಕೊಟ್ಟು, ಈ ಕೇಸು ಸಾಕು ಬಿಟ್ಬಿಡೇ ಎಂದಿದ್ದರು. ಚಹಾದಲ್ಲಿ ಸಕ್ಕರೆ ಇರಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಚಹಾ, ಎಂದು ಮೀಟರಮ್ಮ ಕಣ್ಣು ಒದ್ದೆ ಮಾಡಿಕೊಂಡು ಕುಡಿದಿದ್ದರು.

“ಹೌದು, ಬಿಟ್ರೆ ಲಾಂಡ್ರಿ ಉಳಿಯುತ್ತೆ,” ಎಂದರು ಈಗ. “ಆದ್ರೆ ಮಿಕ್ಕ ಇಪ್ಪತ್ತೆಂಟು ದಿನದ ಪಾಪಾನೂ ಇವರ ತಲೆಗೇ ಹೋಗುತ್ತೆ. ಇನ್ನೊಂದು ತೂತು ಎಲ್ಲಿದ್ಯೋ ಅಲ್ಲಿಂದ ಸೋರ್ತಾನೇ ಇರುತ್ತೆ, ಬೀದಿ ಅದನ್ನೇ ಕುಡೀತಾ ಇರುತ್ತೆ. ಮೂವತ್ತು ವರ್ಷದಲ್ಲಿ ನಾನು ಒಂದು ತಪ್ಪು ಅಳತೆ ಬರೆದಿಲ್ಲ.”

ಕೋಲಣ್ಣ ತಲೆ ಕೆರೆದುಕೊಂಡರು. ಈ ಸುತ್ತಿನಲ್ಲಿ ಪೆಟ್ರೋಲ್ ಟ್ಯಾಂಕು ಅಂತ ಇರುವುದು ಇವೆರಡೇ ಎಂದರು. ಆಮೇಲೆ, ದೊಡ್ಡ ರಸ್ತೆ ಆಗುವುದಕ್ಕೆ ಮುಂಚೆ ಲಾರಿಗಳೆಲ್ಲ ಹಿಂದಿನ ಬೀದಿಯಲ್ಲೇ ಓಡಾಡುತ್ತಿದ್ದವಂತೆ, ಆಗಿನ ಬಂಕೂ ಅಲ್ಲೇ ಎಲ್ಲೋ ಇತ್ತಂತೆ, ಯಜಮಾನರ ತಂದೆಯೇ ನಡೆಸುತ್ತಿದ್ದರಂತೆ ಎಂದರು. ತಾವು ಕಣ್ಣಾರೆ ಕಂಡಿಲ್ಲ.

ಮೀಟರಮ್ಮನ ಹೆಬ್ಬೆರಳು ತಾನಾಗಿ ಮೇಜನ್ನು ಉಜ್ಜತೊಡಗಿತು. ದುಂಡಗೆ, ಅಂಚಿನಲ್ಲಿ ಮೂರು ಕಚ್ಚು, ನಡುವೆ ನಕ್ಷತ್ರ.

ಊರಿನ ಎಲ್ಲ ಮುಚ್ಚಳವನ್ನೂ ಎತ್ತಿದ್ದರು, ಒಂದನ್ನು ಬಿಟ್ಟು. ನಮ್ಮವರದೇ ಮನೆ, ಮೀಟರು ಗೇಟಿನ ಪಕ್ಕದಲ್ಲೇ ಕಾಣುತ್ತದೆ, ಒಳಗಿನದನ್ನು ಯಾಕೆ ಎತ್ತಬೇಕು ಎಂದು ಮೂವತ್ತು ವರ್ಷ ದಾಟಿಕೊಂಡು ಹೋಗಿದ್ದ ಮುಚ್ಚಳ.

“ಕೋಲು ತಗೊಳ್ಳಿ ಕೋಲಣ್ಣ. ಕುಟ್ಟೋ ಹಾಗಿಲ್ಲ.”

ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಮೇಷ್ಟ್ರ ಕಡೆಗೂ ಒಂದು ಬ್ರೇಕು ಇರುತ್ತದೆ. ಇವತ್ತು ಆ ಸೀಟಿನಲ್ಲಿ ಮೀಟರಮ್ಮ ಕೂತಿದ್ದರು. ಹಿಂದಿನ ಸೀಟಿನಿಂದ ಮುಂದಿನ ಕಿಟಕಿಯವರೆಗೆ ಓರೆಯಾಗಿ ಕೋಲು, ಕೋಲಿನ ಹಿಂದೆ ಕೋಲಣ್ಣ. ನಾನೂರು ಹೆಜ್ಜೆಯ ದಾರಿಯಲ್ಲಿ ಮೀಟರಮ್ಮ ಆರು ಸಲ ಬ್ರೇಕು ತುಳಿದರು. ಒಂದು ಸಲ ಮಾತ್ರ ಅದಕ್ಕೆ ಕಾರಣವಿತ್ತು.

ನಾದಿನಿಯ ಲಾಂಡ್ರಿಯನ್ನು ಅವರು ಇವತ್ತು ಮೊದಲ ಸಲ ನೋಡುವಂತೆ ನೋಡಿದರು. ಇಸ್ತ್ರಿ ಮಾಡುವ ಕೋಣೆಗೆ ಲಾರಿ ನುಗ್ಗುವಷ್ಟು ಅಗಲದ ಬಾಗಿಲು ಯಾಕೆ? ಚಾವಣಿ ಇಷ್ಟು ಎತ್ತರ ಯಾಕೆ? ಇಷ್ಟು ಗಾಳಿ ಬೆಳಕಿನ ಜಾಗ ಯಾವ ಲಾಂಡ್ರಿಗೂ ಇಲ್ಲ ಎಂದು ನಾದಿನಿ ಹೆಮ್ಮೆ ಪಡುತ್ತಿದ್ದದ್ದು ನೆನಪಾಯಿತು.

ನಾದಿನಿ ದುಂಡನೆಯ ಹೆಂಗಸು. ಗಾಬರಿಯಾದಾಗ ಸಿಕ್ಕಿದ್ದನ್ನೆಲ್ಲ ಇಸ್ತ್ರಿ ಮಾಡುವುದು ಅವಳ ಸ್ವಭಾವ. ಆಗಲೇ ಬೀಗಮುದ್ರೆಯ ನೋಟೀಸಿಗೂ ಇಸ್ತ್ರಿಯಾಗಿತ್ತು. ಮೇಜಿನ ಮೇಲೆ ಗರಿಗರಿಯಾಗಿ ಇತ್ತು. ಕೋಲಣ್ಣ ಒಳಗೆ ಕಾಲಿಡುವ ಮೊದಲೇ ಹೊಸ್ತಿಲಲ್ಲಿ ನಿಂತು, ಆ ಇಸ್ತ್ರಿ ಪೆಟ್ಟಿಗೆ ಆರಿಸಿ ಹಿತ್ತಲಿಗೆ ಒಯ್ಯಿರಿ, ಇಲ್ಲದಿದ್ದರೆ ನಾಲ್ವರನ್ನೂ ಚಾವಣಿಯಿಂದ ಕೆರೆದು ತೆಗೆಯಬೇಕಾಗುತ್ತದೆ ಎಂದು ತಣ್ಣಗೆ ಹೇಳಿದರು. ನಾದಿನಿ ಒಯ್ದಳು.

ದೊಡ್ಡ ಇಸ್ತ್ರಿ ಮೇಜನ್ನು ಅಳಿಯ ಒಬ್ಬನೇ ತಳ್ಳಿದ. ಮೂರು ಜನ ಬೇಕು ಅಂದುಕೊಂಡಿದ್ದ ಮೇಜು, ಗಾಲಿ ಇದ್ದ ಹಾಗೆ ಸರಿಯಿತು. ಕಾಲುಗಳ ಕೆಳಗೆ ನೆಲ ಉಜ್ಜಿ ಉಜ್ಜಿ ನುಣುಪಾಗಿತ್ತು.

ಕೆಳಗೆ ಮುಚ್ಚಳ. ಮೂರು ಕಚ್ಚು, ಒಂದು ನಕ್ಷತ್ರ. ಊರಿನ ಮುಚ್ಚಳಗಳೆಲ್ಲ ತುಕ್ಕು ಹಿಡಿದಿದ್ದರೆ ಇದರ ಅಂಚಿಗೆ ಎಣ್ಣೆ ಹಚ್ಚಿತ್ತು. ಮೀಟರಮ್ಮ ಎರಡು ಬೆರಳಿನಲ್ಲಿ ತಿರುಗಿಸಿದರು, ಬಂದುಬಿಟ್ಟಿತು.

ಕೋಲಣ್ಣ ಜೀವಮಾನದಲ್ಲಿ ಮೊದಲ ಸಲ ಕೋಲನ್ನು ಕುಟ್ಟದೆ ಇಳಿಸಿದರು. ಹಣೆಯಲ್ಲಿ ಬೆವರು. ತಳ ಮುಟ್ಟಿತೋ ಇಲ್ಲವೋ ಎಂದು ಅವರ ಮುಖ ಕೇಳುತ್ತಿತ್ತು. ಮೆಲ್ಲಗೆ ಎಳೆದು ಮೀಟರಮ್ಮನ ಕೈಗಿತ್ತರು.

ಮೂರು ಗೇಣು ಒದ್ದೆ.

ವರ್ಷಗಟ್ಟಲೆ ಮುಚ್ಚಿಟ್ಟ ಪೆಟ್ರೋಲು ಅಂಟಂಟಾಗಿ ವಾರ್ನಿಶಿನ ಹಾಗೆ ನಾರುತ್ತದೆ ಎಂದರು ಕೋಲಣ್ಣ. ಇದು ಹಾಗಿಲ್ಲ. ಇದು ನೀರಿನಷ್ಟು ತೆಳುವಾಗಿದೆ, ಹೊಚ್ಚ ಹೊಸದು. ಯಾರೋ ಈಚೆಗೆ ತಂದು ಸುರಿದಿದ್ದಾರೆ.

“ಗುರುತು ಬೇಗ ನೋಡ್ಕೊಳ್ಳಿ,” ಎಂದೂ ಸೇರಿಸಿದರು. “ಅವಸರದಲ್ಲಿ ಕೋಲಿಗೆ ಗುರುತು ನಿಲ್ಲಿಸೋ ಸೀಮೆಸುಣ್ಣ ಹಚ್ಚಿಲ್ಲ. ಪೆಟ್ರೋಲಿನ ಒದ್ದೆ ನೂರು ಎಣಿಸೋಷ್ಟರಲ್ಲಿ ಆರಿಹೋಗುತ್ತೆ.”

ಮೀಟರಮ್ಮ ಗುರುತು ನೋಡಲಿಲ್ಲ. ನಾದಿನಿಯನ್ನು ನೋಡಿದರು.

“ಈ ಮೇಜು ಸರಿಸ್ತಿದ್ದೋರು ಯಾರೇ?”

“ನಾನು ಯಾಕೆ ಸರಿಸ್ಲಿ ಅತ್ತಿಗೆ? ಅದರ ಕಾಲು ಅಲ್ಲಾಡ್ತಿತ್ತು, ಅಣ್ಣ ಸರಿ ಮಾಡ್ತಿದ್ದ.” ನಾದಿನಿ ಕೈಯಲ್ಲಿದ್ದ ಕರವಸ್ತ್ರವನ್ನು ಅಂಗೈಯಿಂದಲೇ ಇಸ್ತ್ರಿ ಮಾಡುತ್ತಿದ್ದಳು. “ಒಂದೂವರೆ ತಿಂಗಳಿಂದ ಪ್ರತಿ ಬುಧವಾರ ಬರ್ತಾನೆ. ಧೂಳು ಆಗುತ್ತೆ, ನೀನು ಹೊರಗಿರು ಅಂತ ಬಾಗಿಲು ಹಾಕ್ಕೊಳ್ತಾನೆ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಅಣ್ಣ. ಅಂದರೆ ಆರಾಮ ಕುರ್ಚಿ. ಅಂದರೆ ಸಕ್ಕರೆಯಿಲ್ಲದ ಚಹಾ.

ಹೊರಗೆ ಜೀಪು ನಿಂತಿತು. ಯಾರೋ ಮೂರು ಸಲ ಸೀನಿದರು. ಗೋಡೆ ಗಡಿಯಾರ ಐದಕ್ಕೆ ಎರಡು ನಿಮಿಷ ಕಮ್ಮಿ ತೋರಿಸುತ್ತಿತ್ತು. ಅಳಿಯ ಮೇಜನ್ನು ಹಿಂದಕ್ಕೆ ತಳ್ಳಿದ್ದು ಯಾರ ಅಪ್ಪಣೆಯಿಂದಲೋ ಅವನಿಗೇ ಗೊತ್ತಿಲ್ಲ. ಮುಚ್ಚಳ ಹಾಕಿರಲಿಲ್ಲ, ಆದರೂ ತಳ್ಳಿದ.

ಕೋಣೆಯಲ್ಲಿ ತಲೆ ತಿರುಗುವಷ್ಟು ಪೆಟ್ರೋಲ್ ವಾಸನೆ. ಆರೋಗ್ಯಾಧಿಕಾರಿಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದರು, ಎದೆ ತುಂಬ ಉಸಿರೆಳೆದುಕೊಂಡರು, ಇಸ್ತ್ರಿ ಬಟ್ಟೆಯ ವಾಸನೆ ಎಂದರೆ ತಮಗೆ ಚಿಕ್ಕಂದಿನಿಂದ ಇಷ್ಟ ಎಂದರು. ಆಮೇಲೆ ಬಾಗಿಲಿನ ಹತ್ತಿರ ನಿಂತಿದ್ದ ಕೋಲಣ್ಣ ತೂತಿನ ವಿಷಯ ಬರೆದುಕೊಡಲು ಪೆನ್ನು ಕೇಳಿದ್ದನ್ನೂ, ನಡುವೆ ಕೋಲು ಹಿಡಿದು ನಿಂತ ಮೀಟರಮ್ಮನನ್ನೂ ನೋಡಿದರು.

“ಓ, ಅಳತೆ ಕೋಲು. ಎಲ್ಲಿ ಇಳಿಸಿದ್ರಿ ಅಮ್ಮ ಇದನ್ನ? ಎಷ್ಟು ತೋರಿಸ್ತಿದೆ?”

ಮೀಟರಮ್ಮ ಕೋಲನ್ನು ನೋಡಿದರು. ಮೂರು ಗೇಣಿದ್ದ ಒದ್ದೆ ಒಂದಕ್ಕಿಳಿದಿತ್ತು. ಅಂಚುಗಳಿಂದ ಬೆಳ್ಳಗಾಗುತ್ತ, ಕಣ್ಣೆದುರಿಗೇ ಇಳಿಯುತ್ತಿತ್ತು.

ಅರವತ್ತಾರು, ಅರವತ್ತೇಳು ಎಂದು ಕೋಲಣ್ಣನ ತುಟಿ ಸದ್ದಿಲ್ಲದೆ ಅಲ್ಲಾಡಿತು.

ಮೀಟರಮ್ಮ ಬಾಯಿ ತೆರೆದರು. ಅಳಿಯನ ಬಲಗಾಲು, ಇಲ್ಲದ ಬ್ರೇಕನ್ನು ನೆಲಕ್ಕೆ ಒತ್ತಿ ಹಿಡಿಯಿತು.